ಹಗ್ಗವಿಲ್ಲದೆ ಇಳಿದದ್ದು

ಅಂಕೋಲೆಯಿಂದ ಅಪ್ಪ ಬಂದಾಗಲೆಲ್ಲ ನಿಗಡಿಯ ದುರ್ಗಾ ಟೇಕಡಿಯಲ್ಲಿ ಬೆಳಗಿನ ವಾಕಿಂಗ್ ಖಾಯಂ. ಮೂವತ್ತು ವರ್ಷ ಮೀನು ಹಿಡಿದವರು. ಪುಣೆಯಲ್ಲಿ ಸಮುದ್ರವಿಲ್ಲ ಎಂಬುದೇ ಅವರ ತಕರಾರು. ಈ ಸಲ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದೆ. 2024ರ ಡಿಸೆಂಬರಿನಲ್ಲಿ ಹಿಂದೂ ಮಹಾಸಾಗರದ 4,500 ಮೀಟರ್ ಆಳದಲ್ಲಿ ಕಂಡ ಬಿಸಿನೀರ ಬುಗ್ಗೆ. ಇಂಥ ಕಡೆ ತಾಮ್ರ, ಸತುವಿನಂಥ ಲೋಹಗಳು ಶೇಖರವಾಗುತ್ತವೆ. ಚಿತ್ರ ತೆಗೆದದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ‘ಓಎಂಇ-6000’, ಆಳು ಇಲ್ಲದ ವಾಹನ.

“ಹಗ್ಗ ಇಲ್ವಾ?” ಅಪ್ಪನ ಮೊದಲ ಪ್ರಶ್ನೆ.

ಇಲ್ಲ. ನೀರೊಳಗೆ ಜಿಪಿಎಸ್ಸೂ ಸಿಗದು. ತಳಕ್ಕೆ ಶಬ್ದ ಬಿಟ್ಟು, ಮರಳಿದ ಸದ್ದಿನಿಂದ ವೇಗ ಅಳೆದು, ತಿರುಗಿದ ಕೋನ ಲೆಕ್ಕ ಹಾಕಿ ತಾನೆಲ್ಲಿದ್ದೇನೆಂದು ತಾನೇ ಅಂದಾಜಿಸಬೇಕು. ಹಡಗಿನೊಡನೆ ಮಾತೂ ಶಬ್ದದಲ್ಲೇ; ಸೆಕೆಂಡಿಗೆ ಸುಮಾರು 1,500 ಮೀಟರ್. ಅಷ್ಟಾಳಕ್ಕೆ ಕೇಳಿ ಉತ್ತರ ಪಡೆಯಲು ಆರು ಸೆಕೆಂಡು. ನಮ್ಮ ಸರ್ವರ್ ಬಿದ್ದರೆ ರಾತ್ರಿ ಎರಡಕ್ಕೆ ಲಾಗಿನ್ ಆಗಿ ಸರಿಪಡಿಸುತ್ತೇನೆ, ಬೈಸಿಕೊಂಡರೆ ಮುಗಿಯಿತು. ಅಲ್ಲಿ ಕೋಡ್ ಬರೆದವರಿಗೆ ಆ ಸೌಲಭ್ಯವಿಲ್ಲ.

“ಕೆಟ್ಟು ನಿಂತ್ರೆ?”

ಇಂಥ ವಾಹನಗಳು ಭಾರ ಕಳಚಿಕೊಂಡು ತಾವೇ ಮೇಲೆ ತೇಲಿ ಬರುವಂತೆ ಮಾಡಿರುತ್ತಾರೆ ಎಂದೆ. ಅಪ್ಪ ಸುಮ್ಮನಾದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರ ದೋಣಿಯ ಇಂಜಿನ್ ಕೆಟ್ಟು ಎರಡು ರಾತ್ರಿ ಸಮುದ್ರದಲ್ಲೇ ಕಳೆದಿದ್ದರು. ಆಯಿ ದಡ ಬಿಟ್ಟು ಏಳಲಿಲ್ಲ. ಅದರ ಬಗ್ಗೆ ಅಪ್ಪ ಎಂದೂ ಮಾತಾಡಿದವರಲ್ಲ.

ಟೇಕಡಿ ಇಳಿಯುವಾಗ ಕೇಳಿದರು, “ತಮಾ, ಅದು ಮೇಲೆ ಬರೂವರೆಗೆ ಹಡಗಿನಲ್ಲಿದ್ದವ್ರಿಗೆ ನಿದ್ದೆ ಬತ್ತದಾ?”