ಅಮೆರಿಕದ ವೈದ್ಯಕೀಯ ಶಾಲೆಗಳು: ನಿರೀಕ್ಷಣಾ ಪಟ್ಟಿಯಲ್ಲಿರುವವರು ಬರೆಯುವ ಪತ್ರಗಳು

ವೈದ್ಯಕೀಯ ಸೀಟು ಎಂದೊಡನೆ ಗಡಿನಾಡಿನ ಮನೆಗಳಲ್ಲಿ ನೆನಪಾಗುವುದು ನೀಟ್ ಪರೀಕ್ಷೆಯ 720 ಅಂಕ ಮತ್ತು ರ‍್ಯಾಂಕ್. ಕಾಸರಗೋಡಿನ ವಿದ್ಯಾರ್ಥಿ ಕೇರಳದ ಪ್ರವೇಶ ಪರೀಕ್ಷಾ ಆಯುಕ್ತರ ಹಂಚಿಕೆ ಪಟ್ಟಿಯನ್ನು ಕಾಯುತ್ತಾನೆ; ಸೊಲ್ಲಾಪುರ, ಜತ್ತದ ವಿದ್ಯಾರ್ಥಿ ಮಹಾರಾಷ್ಟ್ರದ ಸಿಇಟಿ ಸೆಲ್‌ನ ಸುತ್ತುಗಳನ್ನು ಕಾಯುತ್ತಾನೆ. ರ‍್ಯಾಂಕ್ ಪ್ರಕಟವಾದ ಬಳಿಕ ಎಂತಹ ಸೊಗಸಾದ ಪತ್ರ ಬರೆದರೂ ಸ್ಥಾನ ಒಂದಂಗುಲವೂ ಕದಲದು. ಆದುದರಿಂದ ಅಮೆರಿಕದಲ್ಲಿ ನೆಲೆಸಿರುವ ಮೊಮ್ಮಗಳು ಊರಿಗೆ ಕರೆ ಮಾಡಿ, ‘ವೇಟಿಂಗ್ ಲಿಸ್ಟಿನಲ್ಲಿದ್ದೇನೆ ಅಜ್ಜ, ಈಗ ಕಾಲೇಜಿಗೆ ಪತ್ರ ಬರೆಯಬೇಕು’ ಎಂದರೆ ಇಲ್ಲಿನವರಿಗೆ ಅದು ಒಗಟಿನಂತೆ ತೋರುವುದು ಸಹಜ. ಆ ಪತ್ರ ಎಂಥದು, ಅದರಿಂದ ಏನಾಗಬಹುದು, ಏನಾಗದು ಎಂಬುದನ್ನು ವಿವರಿಸುವುದು ನಮ್ಮ ಉದ್ದೇಶ.

ಅಮೆರಿಕದಲ್ಲಿ ವೈದ್ಯಕೀಯ ಶಿಕ್ಷಣ ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿಯ ಬಳಿಕ ಆರಂಭವಾಗುತ್ತದೆ. ಎಂಡಿ ಪದವಿ ನೀಡುವ ಬಹುತೇಕ ಶಾಲೆಗಳಿಗೆ ಆಮ್‌ಕಾಸ್ ಎಂಬ ಒಂದೇ ಕೇಂದ್ರೀಯ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಟೆಕ್ಸಾಸ್ ರಾಜ್ಯದ ಸಾರ್ವಜನಿಕ ಶಾಲೆಗಳಿಗೆ ಪ್ರತ್ಯೇಕ ವ್ಯವಸ್ಥೆಯಿದೆ. ಇತ್ತೀಚಿನ ವರ್ಷಗಳಲ್ಲಿ ಸುಮಾರು 52 ಸಾವಿರ ಮಂದಿ ಎಂಡಿ ಶಾಲೆಗಳಿಗೆ ಅರ್ಜಿ ಹಾಕಿದರೆ ಸೇರ್ಪಡೆಯಾಗುವವರು ಸುಮಾರು 23 ಸಾವಿರ. 528 ಗರಿಷ್ಠ ಅಂಕಗಳ ಎಂಕ್ಯಾಟ್ ಪರೀಕ್ಷೆ ಮುಖ್ಯವೇ ಆದರೂ ಅದೊಂದೇ ನಿರ್ಣಾಯಕವಲ್ಲ. ಪದವಿಯ ಅಂಕ, ಆಸ್ಪತ್ರೆಯ ಅನುಭವ, ಸಂಶೋಧನೆ, ಸೇವೆ, ಕೊನೆಗೆ ಸಂದರ್ಶನ, ಎಲ್ಲವನ್ನೂ ಸಮಿತಿಯೊಂದು ಒಟ್ಟಾಗಿ ತೂಗುತ್ತದೆ. ಸಂದರ್ಶನದಲ್ಲಿ ಯೋಗ್ಯರೆನಿಸಿಯೂ ಸ್ಥಾನ ಸಾಲದೆ ಉಳಿದವರೇ ನಿರೀಕ್ಷಣಾ ಪಟ್ಟಿಯವರು. ಅಳೆಯುವವರು ಮನುಷ್ಯರಾದುದರಿಂದ ಅವರ ಮುಂದೆ ಹೊಸ ಸಂಗತಿಯನ್ನಿರಿಸಲು ಅವಕಾಶವಿದೆ. ಪತ್ರಕ್ಕೆ ಅರ್ಥ ಬರುವುದು ಇಲ್ಲಿಂದ.

ಪಟ್ಟಿ ಕದಲುವುದು ಹೇಗೆಂಬುದನ್ನು ಮೊದಲು ತಿಳಿಯಬೇಕು. ಒಬ್ಬನೇ ಅಭ್ಯರ್ಥಿಗೆ ನಾಲ್ಕೈದು ಶಾಲೆಗಳು ಸ್ಥಾನ ನೀಡಿರಬಹುದು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ರೂಪಿಸಿರುವ ನಿಯಮಗಳ ಪ್ರಕಾರ ಅಂಥವರು ಏಪ್ರಿಲ್ 15ರ ಹೊತ್ತಿಗೆ ಮೂರಕ್ಕಿಂತ ಹೆಚ್ಚು ಸ್ಥಾನಗಳನ್ನು ಕೈಯಲ್ಲಿರಿಸಿಕೊಳ್ಳಬಾರದು. ಏಪ್ರಿಲ್ 30ರ ಹೊತ್ತಿಗೆ ಒಂದನ್ನುಳಿದು ಮಿಕ್ಕವನ್ನು ಬಿಟ್ಟುಕೊಡಬೇಕು. ಹೀಗೆ ತೆರವಾದ ಸ್ಥಾನಗಳಿಗೆ ನಿರೀಕ್ಷಣಾ ಪಟ್ಟಿಯಿಂದ ಕರೆ ಹೋಗುತ್ತದೆ. ಏಪ್ರಿಲ್ ಕೊನೆಯಿಂದ ತರಗತಿ ಆರಂಭವಾಗುವ ಜುಲೈ, ಆಗಸ್ಟ್‌ವರೆಗೂ ಈ ಚಲನೆ ಇರುತ್ತದೆ. ಕೆಲವು ಶಾಲೆಗಳು ಪಟ್ಟಿಗೆ ಕ್ರಮಾಂಕ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕ್ರಮಾಂಕವಿಲ್ಲದ ಕಡೆ, ತೆರವಾದ ಸ್ಥಾನಕ್ಕೆ ಯಾರನ್ನು ಕರೆಯಬೇಕೆಂದು ಸಮಿತಿ ಮತ್ತೆ ಕಡತಗಳನ್ನು ತೆರೆಯುವಾಗ ಪತ್ರ ಆ ಕಡತದಲ್ಲಿರುವುದು ಒಳ್ಳೆಯದು.

ಪತ್ರಗಳಲ್ಲಿ ಎರಡು ಬಗೆ ಮುಖ್ಯ. ಮೊದಲನೆಯದು ಅಪ್‌ಡೇಟ್ ಲೆಟರ್. ನಾವು ಅದನ್ನು ಪ್ರಗತಿ ಪತ್ರವೆನ್ನೋಣ. ಅರ್ಜಿ ಸಲ್ಲಿಸಿದ ಮೇಲೆ, ವಿಶೇಷವಾಗಿ ಸಂದರ್ಶನದ ಬಳಿಕ, ಹೊಸದಾಗಿ ಆದದ್ದೇನು ಎಂಬ ವರದಿ ಅದು: ಹೊಸ ಸೆಮಿಸ್ಟರಿನ ಅಂಕಗಳು, ಪ್ರಕಟವಾದ ಸಂಶೋಧನಾ ಲೇಖನ, ಹೊಸ ಉದ್ಯೋಗ, ಚಿಕಿತ್ಸಾಲಯದಲ್ಲಿ ಕಳೆದ ಹೆಚ್ಚಿನ ಗಂಟೆಗಳು. ಹಳೆಯ ಅರ್ಜಿಯಲ್ಲಿದ್ದುದನ್ನೇ ಹೊಸ ಮಾತಿನಲ್ಲಿ ಬರೆದರೆ ಓದುವವರ ಸಮಯ ಹಾಳು. ಒಂದು ಪುಟ ಸಾಕು. ‘ಜನಸೇವೆಯೇ ನನ್ನ ಉಸಿರು’ ಎಂಬ ವಾಕ್ಯಕ್ಕಿಂತ ‘ಜನವರಿಯಿಂದ ವಾರಕ್ಕೆ ಎಂಟು ಗಂಟೆ ಉಚಿತ ಚಿಕಿತ್ಸಾಲಯದಲ್ಲಿ ರೋಗಿಗಳ ರಕ್ತದೊತ್ತಡ ನೋಡಿ ದಾಖಲಿಸುತ್ತಿದ್ದೇನೆ’ ಎಂಬುದು ಹೆಚ್ಚು ತೂಕದ್ದು, ಅದು ನಿಜವಾಗಿದ್ದರೆ.

ನಮ್ಮವರ ಮಕ್ಕಳಿಗೆ ಇಲ್ಲೊಂದು ಸೂಕ್ಷ್ಮವಿದೆ. ಆಮ್‌ಕಾಸ್ ಅರ್ಜಿಯಲ್ಲಿ ಬಲ್ಲ ಭಾಷೆಗಳನ್ನೂ ಪ್ರತಿಯೊಂದರಲ್ಲಿ ಇರುವ ಹಿಡಿತದ ಮಟ್ಟವನ್ನೂ ನಮೂದಿಸಬೇಕಾಗುತ್ತದೆ. ಕನ್ನಡ, ಅದರ ಜೊತೆ ಮಲಯಾಳವೋ ತುಳುವೋ ಮರಾಠಿಯೋ ತೆಲುಗೋ ಬಲ್ಲವರು ಅದನ್ನು ಸಂಕೋಚವಿಲ್ಲದೆ ಬರೆಯಲಿ. ಆದರೆ ಊರಿನಿಂದ ಬಂದ ಅಜ್ಜಿಯೊಡನೆ ಒಮ್ಮೆ ಆಸ್ಪತ್ರೆಗೆ ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ತಿಳಿಸಿದ್ದು ‘ವೈದ್ಯಕೀಯ ಭಾಷಾಂತರಕಾರ’ ಎಂಬ ಪದವಿಯಾಗಬಾರದು. ಆಸ್ಪತ್ರೆಯ ಭಾಷಾಂತರ ಅಲ್ಲಿ ತರಬೇತಿ ಪಡೆದವರು ಮಾಡುವ ಕೆಲಸ. ನಡೆದದ್ದನ್ನು ನಡೆದಷ್ಟೇ ಹೇಳಿದರೆ, ಅನ್ಯಭಾಷಿಕರ ನಡುವೆ ರೋಗಿಗೆ ಮಾತು ತಿಳಿಯದೆ ಹೋಗುವ ಕಷ್ಟವನ್ನು ಬಲ್ಲವರೆಂದು ಸಮಿತಿಗೆ ತಾನಾಗಿಯೇ ತಿಳಿಯುತ್ತದೆ. ಆ ಕಷ್ಟವನ್ನು ಸರಕಾರಿ ಆಸ್ಪತ್ರೆಯ ಚೀಟಿ ಹಿಡಿದು ನಿಂತ ಗಡಿನಾಡ ಕನ್ನಡಿಗರಿಗೆ ನಾವು ವಿವರಿಸಬೇಕಾಗಿಲ್ಲ.

ಎರಡನೆಯದು ಲೆಟರ್ ಆಫ್ ಇಂಟೆಂಟ್, ಅಂದರೆ ಸಂಕಲ್ಪ ಪತ್ರ. ಅದರ ಜೀವಾಳ ಒಂದೇ ವಾಕ್ಯ: ‘ನೀವು ಸ್ಥಾನ ನೀಡಿದರೆ ನಾನು ಖಂಡಿತವಾಗಿ ನಿಮ್ಮಲ್ಲಿಗೇ ಸೇರುತ್ತೇನೆ.’ ಇದನ್ನು ಒಂದೇ ಒಂದು ಶಾಲೆಗೆ ಬರೆಯಬೇಕು. ನಿಮ್ಮ ಶಾಲೆಯಲ್ಲಿ ನನಗೆ ಆಸಕ್ತಿ ಉಳಿದಿದೆ ಎಂದಷ್ಟೇ ಹೇಳುವ ಆಸಕ್ತಿ ಪತ್ರವನ್ನು ಹಲವು ಶಾಲೆಗಳಿಗೆ ಕಳುಹಿಸಬಹುದು. ಸಂಕಲ್ಪವನ್ನು ಹಾಗೆ ಹಂಚಲಾಗದು. ಕಾನೂನು ಇದಕ್ಕೆ ಯಾರನ್ನೂ ಕಟ್ಟಿಹಾಕುವುದಿಲ್ಲವೆಂಬುದು ನಿಜ. ಆ ಕಾರಣಕ್ಕೇ ಮೂರು ಶಾಲೆಗಳಿಗೆ ಒಂದೇ ಪ್ರತಿಜ್ಞೆ ಮಾಡುವವರೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಇದು ಕೇವಲ ಅವಿವೇಕವಲ್ಲ, ಸುಳ್ಳು. ಇಂತಹ ಪತ್ರಗಳನ್ನು ನಂಬದ ಸಮಿತಿಗಳಿವೆಯೆಂದರೆ ಅದಕ್ಕೆ ಕಾರಣ ಈ ಬಗೆಯ ಬರಹಗಾರರೇ; ಮುಂದಿನ ವರ್ಷ ಪ್ರಾಮಾಣಿಕವಾಗಿ ಬರೆಯುವವರ ಮಾತಿಗೂ ಇದರಿಂದ ಬೆಲೆ ಇಳಿಯುತ್ತದೆ. ರೋಗಿ ನಂಬಿ ಮೈಯೊಡ್ಡುವ ವೃತ್ತಿಗೆ ಹೊರಟವರು ಹೊಸ್ತಿಲಲ್ಲೇ ಮಾತು ತಪ್ಪುವುದು ಸರಿಯೇ?

ಆದುದರಿಂದ ಬರೆಯುವ ಮುನ್ನ ಮನೆಯಲ್ಲಿ ಕುಳಿತು ಮಾತಾಡಬೇಕು. ಶುಲ್ಕ ಎಷ್ಟು, ಸಾಲ ಎಷ್ಟು, ಯಾವ ರಾಜ್ಯ? ಸಾರ್ವಜನಿಕ ಶಾಲೆಗಳಲ್ಲಿ ಸಾಮಾನ್ಯವಾಗಿ ಆಯಾ ರಾಜ್ಯದ ನಿವಾಸಿಗಳಿಗೆ ಆದ್ಯತೆಯೂ ಕಡಿಮೆ ಶುಲ್ಕವೂ ಇರುತ್ತವೆ. ಹಣದ ನೆರವಿನ ವಿವರ ಬಂದ ಮೇಲೆ ಹಿಂದೆ ಸರಿಯಬೇಕಾದೀತೆಂಬ ಅನುಮಾನವಿದ್ದರೆ ‘ಖಂಡಿತ’ ಎಂಬ ಪದವನ್ನು ಬರೆಯದಿರುವುದೇ ಲೇಸು. ಆಸಕ್ತಿ ಪತ್ರ ಸಾಕು. ಆ ಶಾಲೆಯೇ ಏಕೆ ಎಂಬುದಕ್ಕೂ ಹೆಸರು ತೆಗೆದು ಬೇರೆ ಶಾಲೆಯ ಹೆಸರಿಟ್ಟರೆ ಹೊಂದಿಕೊಳ್ಳದಂತಹ ಕಾರಣ ಬೇಕು. ಉದಾಹರಣೆಗೆ, ಗ್ರಾಮೀಣ ವೈದ್ಯಕೀಯಕ್ಕೆಂದೇ ಆ ಶಾಲೆ ನಡೆಸುವ ತರಬೇತಿ, ಅಭ್ಯರ್ಥಿ ಆ ಭಾಗದಲ್ಲೇ ಮಾಡಿದ ಕೆಲಸ.

ಎಲ್ಲಕ್ಕಿಂತ ಮೊದಲು ಶಾಲೆಯ ಸೂಚನೆಯನ್ನು ಓದಬೇಕು. ಕೆಲವು ಶಾಲೆಗಳು ಪತ್ರಗಳನ್ನೇ ಸ್ವೀಕರಿಸುವುದಿಲ್ಲ. ಕೆಲವು ತಮ್ಮ ಪೋರ್ಟಲ್ಲಿನಲ್ಲಿ ಮಾತ್ರ ಸ್ವೀಕರಿಸುತ್ತವೆ. ಬೇಡವೆಂದ ಕಡೆ ಕಳುಹಿಸಿದ ಪತ್ರ, ಸೂಚನೆ ಪಾಲಿಸದವರೆಂಬ ಗುರುತನ್ನಷ್ಟೇ ತರುತ್ತದೆ. ಜಿಲ್ಲಾಧಿಕಾರಿಗೆ, ಸಚಿವರಿಗೆ ಮನವಿ ಬರೆದು ಬರೆದು ಗಡಿನಾಡಿನವರಾದ ನಮಗೆ ಒಂದು ಶೈಲಿ ಕೈಗೂಡಿದೆ: ಅನ್ಯಾಯದ ವಿವರ, ಬೇಡಿಕೆ, ಕೊನೆಗೆ ಎಚ್ಚರಿಕೆ. ಇಲ್ಲಿ ಅದು ಕೂಡದು. ‘ನನಗಿಂತ ಕಡಿಮೆ ಅಂಕದವರಿಗೆ ಸ್ಥಾನ ಸಿಕ್ಕಿದೆ’ ಎಂಬ ದೂರೂ ಕೂಡದು, ಮನೆಯ ಕಷ್ಟದ ಕಣ್ಣೀರೂ ಕೂಡದು. ಪರಿಚಯದ ಹಿರಿಯ ವೈದ್ಯರಿಂದ ಫೋನು ಮಾಡಿಸುವ, ತಂದೆಯೇ ಪತ್ರ ಬರೆಯುವ ಪ್ರಯತ್ನಗಳನ್ನೂ ಬಿಡಬೇಕು. ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ಕಂಡವರ ಹೊಸ ಶಿಫಾರಸು ಪತ್ರವನ್ನು, ಶಾಲೆ ಒಪ್ಪುವುದಾದರೆ, ಸೇರಿಸಬಹುದು.

ಊರಿನಿಂದಲೇ ನೇರವಾಗಿ ಅರ್ಜಿ ಹಾಕುವ ಯೋಚನೆಯಲ್ಲಿರುವವರು ಒಂದನ್ನು ಗಮನಿಸಬೇಕು. ಅಮೆರಿಕದ ಪೌರತ್ವವಾಗಲಿ ಕಾಯಂ ನಿವಾಸದ ಹಕ್ಕಾಗಲಿ ಇಲ್ಲದವರನ್ನು ಅನೇಕ ಶಾಲೆಗಳು ಪರಿಗಣಿಸುವುದೇ ಇಲ್ಲ. ಅಲ್ಲಿ ಪತ್ರದಿಂದ ಏನೂ ಆಗದು.

ಪತ್ರ ಕಳುಹಿಸಿದ ಮೇಲೂ ಬೇರೆ ಶಾಲೆಯಲ್ಲಿ ಸಿಕ್ಕ ಸ್ಥಾನವನ್ನು ಬಿಡಬೇಕಾಗಿಲ್ಲ. ‘ಸೇರಲು ಯೋಚಿಸಿದ್ದೇನೆ’ ಎಂಬ ಆಯ್ಕೆಯಡಿ ಒಂದು ಸ್ಥಾನವನ್ನು ಹಿಡಿದುಕೊಂಡೇ ಇತರ ನಿರೀಕ್ಷಣಾ ಪಟ್ಟಿಗಳಲ್ಲಿ ಉಳಿಯಬಹುದು. ‘ಸೇರುವುದು ಖಚಿತ’ ಎಂಬ ಅಂತಿಮ ಆಯ್ಕೆ ಮಾಡಿದ ಬಳಿಕ ಮಾತ್ರ ಬೇರೆಲ್ಲ ಸ್ಥಾನ, ಪಟ್ಟಿಗಳಿಂದ ಹೊರಬರಬೇಕು. ಸಂಕಲ್ಪ ಪತ್ರ ಬರೆದ ಶಾಲೆಯಿಂದ ಕರೆ ಬಂದರೆ ಅಂದೇ ಒಪ್ಪಿಗೆ ತಿಳಿಸಿ, ಉಳಿದ ಶಾಲೆಗಳಿಗೆ ಹಿಂತೆಗೆತದ ಸೂಚನೆ ಕೊಡುವುದು ಒಳಿತು. ಅಲ್ಲಿ ಬಿಟ್ಟ ಸ್ಥಾನಕ್ಕೆ ಇನ್ನೊಬ್ಬ ಅಭ್ಯರ್ಥಿ ಫೋನಿನ ಮುಂದೆ ಕುಳಿತಿರುತ್ತಾನೆ. ಕರೆ ಬಾರದಿದ್ದರೆ? ಮುಂದಿನ ವರ್ಷದ ಅರ್ಜಿ ಮೇ ತಿಂಗಳಲ್ಲೇ ತೆರೆಯುತ್ತದೆ. ಎಲ್ಲಿಯೂ ಸ್ಥಾನ ಸಿಗದವರು ಪಟ್ಟಿ ಕದಲುವುದನ್ನು ಕಾಯುತ್ತಿರುವಾಗಲೇ ಅದನ್ನು ತುಂಬಲಾರಂಭಿಸುವುದು ಕ್ಷೇಮ. ಪ್ರಗತಿ ಪತ್ರಕ್ಕೆಂದು ಕಲೆಹಾಕಿದ ವಿವರಗಳು ಆ ಅರ್ಜಿಗೂ ಒದಗುತ್ತವೆ.