ಗಂಜಿಯಿಂದ ಹಾಳೆ

ಬಟ್ಟೆಗೆ ಹಾಕಿ ಮಿಕ್ಕ ಗಂಜಿಯು ತಟ್ಟೆಯಲ್ಲಿ ಒಣಗಿ ತೆಳುವಾದ ಪೊರೆಯಾಗುವುದನ್ನು ವಾಚಕರು ಕಂಡಿರಬಹುದು. ಬಾಗಿಸಿದರೆ ಅದು ಪಟ್ಟನೆ ಮುರಿಯುತ್ತದೆ. ಭಾರತದಲ್ಲಿ 2022ರ ಜುಲೈ 1ರಿಂದ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾಗಿವೆ. ಪ್ಲಾಸ್ಟಿಕ್ಕಿನ ಸ್ಥಾನವನ್ನು ಇಂತಹ ಪೊರೆ ತುಂಬಬಲ್ಲುದೆ? ವಿಚಾರಿಸೋಣ.

ಪಿಷ್ಟವು ಗ್ಲೂಕೋಸ್ ಘಟಕಗಳ ಉದ್ದನೆಯ ಸರಪಣಿ. ನೀರಿನಲ್ಲಿ ಕಾಯಿಸಿದಾಗ, ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಅದರ ಕಣಗಳು ಉಬ್ಬಿ ಸರಪಣಿಗಳು ಬಿಡಿಸಿಕೊಳ್ಳುತ್ತವೆ. ನೀರಾರಿದಂತೆ ಅವು ಜಲಜನಕ ಬಂಧಗಳಿಂದ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಈ ಬಿಗಿತದಿಂದಲೇ ಪೊರೆಯು ಪೆಡಸಾಗುವುದು. ಪಿಷ್ಟದ ತೂಕದ ಕಾಲುಭಾಗದಷ್ಟು ಗ್ಲಿಸರಿನ್ನನ್ನು ಗಂಜಿಗೆ ಬೆರೆಸಿದೆವೆನ್ನೋಣ. ಅದರ ಪುಟ್ಟ ಅಣುಗಳು ಸರಪಣಿಗಳ ನಡುವೆ ಸೇರಿ ಜಾರಲು ಎಡೆಮಾಡಿಕೊಡುತ್ತವೆ; ಹಾಳೆ ಬಾಗುತ್ತದೆ. ಪ್ರೋಟೀನುಗಳಿಗೂ ಇದೇ ನ್ಯಾಯ: ಔಷಧದ ಮೆದು ಕ್ಯಾಪ್ಸೂಲಿನ ಹೊದಿಕೆಯಲ್ಲಿ ಜೆಲಟಿನ್ನಿನೊಡನೆ ಸಾಮಾನ್ಯವಾಗಿ ಗ್ಲಿಸರಿನ್ ಇರುವುದುಂಟು.

ಹಾಗಾದರೆ ಹಾಲಿನ ಚೀಲವನ್ನೂ ಗಂಜಿಯಿಂದಲೇ ಮಾಡಬಾರದೇಕೆ? ಸರಪಣಿಗಳನ್ನು ಬೆಸೆಯುವ ಆಮ್ಲಜನಕ-ಜಲಜನಕ ಗುಂಪುಗಳು ನೀರನ್ನೂ ತಮ್ಮೆಡೆಗೆ ಸೆಳೆಯುತ್ತವೆ. ತೇವ ತಾಗಿದ ಹಾಳೆ ಉಬ್ಬಿ ಮೆತ್ತಗಾಗುವುದು. ಆದರೆ ಮಣ್ಣಿನ ಸೂಕ್ಷ್ಮಜೀವಿಗಳ ಕಿಣ್ವಗಳು ಪಿಷ್ಟದ ಕೊಂಡಿಗಳನ್ನು ಕತ್ತರಿಸುವುದೂ ನೀರಿನ ನೆರವಿನಿಂದಲೇ! ಬರಿಯ ಇಂಗಾಲ-ಜಲಜನಕಗಳ ಪಾಲಿಥೀನು ನೀರನ್ನು ಹತ್ತಿರ ಸೇರಿಸದು, ಕಿಣ್ವಗಳಿಗೂ ಸುಲಭವಾಗಿ ಬಗ್ಗದು. ಆದುದರಿಂದ ಅದು ಹಾಲನ್ನು ಕಾಯುತ್ತದೆ. ಚರಂಡಿಯಲ್ಲಿಯೂ ಬಹುಕಾಲ ಉಳಿಯುತ್ತದೆ.

ಒಣ ಪದಾರ್ಥಗಳನ್ನು ಕಟ್ಟಲು ಗಂಜಿಯ ಹಾಳೆ ಒದಗೀತು. ಅದನ್ನು ತೇವಕ್ಕೂ ಅಣಿಗೊಳಿಸಬೇಕು, ಮಣ್ಣಿನಲ್ಲಿ ಕೊಳೆಯುವ ಗುಣವನ್ನೂ ಉಳಿಸಬೇಕು. ರಸಾಯನಜ್ಞರ ಮುಂದಿರುವ ಸಮಸ್ಯೆ ಇದೇ.