ಘೋರ್ಪಡಿ ಗೇಟಿನಲ್ಲಿ ಹುಬ್ಬಳ್ಳಿ ಎಂಜಿನ್

ಘೋರ್ಪಡಿಯಲ್ಲಿ ಮೀರಜ್ ಮಾರ್ಗದ ರೈಲ್ವೆ ಗೇಟು ಬಿದ್ದರೆ ಪುಣೆಯ ಜನ ಗಡಿಯಾರ ನೋಡಿ ಗೊಣಗುತ್ತಿದ್ದರು. ನಾನು ಬೈಕ್ ಆರಿಸಿ ಕಿವಿಗೊಡುತ್ತಿದ್ದೆ. ಕಣ್ಣಿಗೆ ಕಾಣುವ ಮೊದಲೇ ಸದ್ದಿನಿಂದ ಎಂಜಿನ್ ಯಾವುದೆಂದು ಹೇಳಬಹುದಿತ್ತು. ಇಲ್ಲಿನ ಡೀಸೆಲ್ ಶೆಡ್ಡಿನ ಡಬ್ಲ್ಯುಡಿಜಿ-3ಎ ಆದರೆ ಕುಂಟು ಲಯದ ಚಗ್-ಚಗ್, ಜತೆಗೆ ಕರಿಹೊಗೆ. ಒಂದೇ ಸಮನೆ ಗುಂಯ್ಗುಡುವ ಸದ್ದು, ಅದರ ಮೇಲೊಂದು ಟರ್ಬೊ ಸಿಳ್ಳೆ ಬಂದರೆ ಅದು ಡಬ್ಲ್ಯುಡಿಜಿ-4. ಪಕ್ಕೆಯ ಮೇಲೆ ‘ಹುಬ್ಬಳ್ಳಿ’ ಎಂಬ ಕನ್ನಡ ಅಕ್ಷರ ಕಂಡ ದಿನ ಗೇಟಿನಲ್ಲಿ ಕಳೆದ ಹೊತ್ತು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಹೆಸರುಗಳು ಕ್ಲಿಷ್ಟವೇನಲ್ಲ. ಡಬ್ಲ್ಯು ಎಂದರೆ ಬ್ರಾಡ್‌ಗೇಜ್, ಡಿ ಡೀಸೆಲ್, ಜಿ ಗೂಡ್ಸ್. 3ಎ ಎಂದರೆ 3,100 ಅಶ್ವಶಕ್ತಿ, 4 ಎಂದರೆ 4,000. (ನಮ್ಮ ಬಾಲ್ಯದ ಡಬ್ಲ್ಯುಡಿಎಂ-2ರ ‘2’ ಮಾತ್ರ ಬರೀ ಕ್ರಮಸಂಖ್ಯೆ. ಅದರ ಶಕ್ತಿ 2,600.) ಆ ಹಳೆಯ ಎಂಜಿನ್ 1962ರಲ್ಲಿ ಅಮೆರಿಕದ ಆಲ್ಕೋ ಕಂಪನಿಯಿಂದ ಬಂತು. 1964ರಿಂದ ವಾರಾಣಸಿಯಲ್ಲೇ ತಯಾರಾಯಿತು. ಆಲ್ಕೋ 1969ರಲ್ಲಿ ರೈಲು ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು, ವಾರಾಣಸಿ ನಿಲ್ಲಿಸಲಿಲ್ಲ. ಅದೇ 16 ಸಿಲಿಂಡರಿನ ಯಂತ್ರವನ್ನು ತಿದ್ದಿ ತೀಡಿ, 1995ರಲ್ಲಿ ಸರಕು ಸಾಗಣೆಗೆಂದೇ 3,100 ಅಶ್ವಶಕ್ತಿಯ ಮಾದರಿ ಹೊರತಂದಿತು. ಅದೇ ನಮ್ಮ ಘೋರ್ಪಡಿಯ ಚಗ್-ಚಗ್.

ಆದರೆ ಘಾಟಿಯಲ್ಲಿ ಎಂಜಿನ್ ಸೋಲುವುದು ಶಕ್ತಿ ಸಾಲದೆ ಅಲ್ಲ, ಹಿಡಿತ ಸಾಲದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ; ಮಳೆಗಾಲದಲ್ಲಿ ಹಳಿ ಒದ್ದೆಯಾಗಿ ಎಲೆ ಬಿದ್ದರಂತೂ ಎಣ್ಣೆ ಸವರಿದ ಹಾಗೆ. ಹಳೆಯ ಡಿ.ಸಿ. ಮೋಟಾರಿನಲ್ಲಿ ಗಾಲಿ ಒಮ್ಮೆ ಜಾರಿತೆಂದರೆ ಮೋಟಾರು ಇನ್ನೂ ವೇಗವಾಗಿ ಸುತ್ತತೊಡಗುತ್ತದೆ. ಗಾಲಿ ನಿಂತಲ್ಲೇ ಗಿರಗಿರ ತಿರುಗಿ ಹಳಿಯನ್ನು ಸವೆಸುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಡಬ್ಲ್ಯುಡಿಜಿ-4 ಈ ರೋಗಕ್ಕೆ ಬಂದ ಮದ್ದು. 1990ರ ದಶಕದಲ್ಲಿ ಭಾರತೀಯ ರೈಲ್ವೆ ಜನರಲ್ ಮೋಟಾರ್ಸ್‌ನ ಇಎಂಡಿ ವಿಭಾಗದೊಂದಿಗೆ ತಂತ್ರಜ್ಞಾನ ವರ್ಗಾವಣೆಯ ಒಪ್ಪಂದ ಮಾಡಿಕೊಂಡಿತು. 1999ರಿಂದ ಎಂಜಿನ್‌ಗಳು ಬರತೊಡಗಿದವು. ಕೆಲವು ಪೂರ್ತಿ ಸಿದ್ಧವಾಗಿ, ಕೆಲವು ಬಿಡಿಭಾಗಗಳಾಗಿ ಬಂದವು. 2002ರಲ್ಲಿ ವಾರಾಣಸಿ ತಾನೇ ತಯಾರಿಸಿತು. ಇದರದ್ದು ಟೂ-ಸ್ಟ್ರೋಕ್ ಎಂಜಿನ್, ಸಿಲಿಂಡರುಗಳು ಸುತ್ತಿಗೊಮ್ಮೆ ಉರಿಯುವುದರಿಂದ ಆ ಬಿಡುವಿಲ್ಲದ ಗುಂಯ್ ಸದ್ದು. ಆದರೆ ನಿಜವಾದ ಹೊಸತು ಕೆಳಗೆ, ಆರು ಎ.ಸಿ. ಮೋಟಾರುಗಳಲ್ಲಿದೆ. ಕಾಂತಕ್ಷೇತ್ರ ಎಷ್ಟು ವೇಗದಲ್ಲಿ ತಿರುಗಬೇಕೆಂಬುದನ್ನು ಕಂಪ್ಯೂಟರ್ ನಿಗದಿ ಮಾಡುತ್ತದೆ. ಗಾಲಿ ಅದನ್ನು ಮೀರಿ ಓಡಲಾರದು. ತಳದಲ್ಲಿರುವ ರಾಡಾರ್ ನೆಲದ ಮೇಲಿನ ನಿಜವೇಗ ಅಳೆಯುತ್ತದೆ. ಎಷ್ಟು ಜಾರಬಹುದೋ ಅಷ್ಟೇ ಜಾರಲು ಬಿಟ್ಟು ಪೂರ್ತಿ ಹಿಡಿತ ಹಿಂಡಿಕೊಳ್ಳುವ ಉಪಾಯ ಇದು. ನಾನೂ ಡೀಸೆಲ್ ಎಂಜಿನ್ ತಯಾರಿಕೆಯಲ್ಲೇ ಹೊಟ್ಟೆ ಹೊರೆಯುವವನು. ಸಹೋದ್ಯೋಗಿಗಳು ಸಿಲಿಂಡರ್ ಹೊಗಳಿದಾಗಲೆಲ್ಲ ನಾನು ಈ ಮೋಟಾರುಗಳ ಪರ ವಾದ ಹೂಡುತ್ತೇನೆ. ತೂಕ 3ಎಗೆ 123 ಟನ್, ಇದಕ್ಕೆ 126. ಹೊರಡುವಾಗಿನ ಎಳೆತ ಅದಕ್ಕೆ ಸುಮಾರು 38 ಟನ್, ಇದಕ್ಕೆ ಸುಮಾರು 54.

ಈ ಎಂಜಿನ್‌ಗಳಿಗೆ ದೇಶದಲ್ಲಿ ಮೊದಲ ಮನೆಯಾದದ್ದು ಹುಬ್ಬಳ್ಳಿಯ ಶೆಡ್. ಯಾಕೆಂದು ಕ್ಯಾಸಲ್‌ರಾಕ್ ನೋಡಿದವರಿಗೆ ಹೇಳಬೇಕಿಲ್ಲ. ಅಲ್ಲಿಂದ ಕುಳೆಂವರೆಗೆ, ದೂಧ್‌ಸಾಗರದ ಮಗ್ಗುಲಲ್ಲಿ, ಬ್ರಗಾಂಜಾ ಘಾಟಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಹೋದರೆ 1 ಮೀಟರ್ ಏರಬೇಕು. ಮೊರ್ಮುಗಾಂವ್ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು ಇದೇ ಏರನ್ನು ಹತ್ತಬೇಕು. ಭರ್ತಿಯಾದ 58 ವ್ಯಾಗನ್‌ಗಳ ಗಾಡಿ ಸುಮಾರು 4,700 ಟನ್. ಅದರ 37ನೇ ಒಂದು ಪಾಲು 127 ಟನ್. ತಿರುವು, ಘರ್ಷಣೆ ಬಿಟ್ಟು ಬರೀ ಏರಿಗೇ ಇಷ್ಟು ಬಲ ಬೇಕು. ಡಬ್ಲ್ಯುಡಿಎಂ-2ರ ಎಳೆತ ಸುಮಾರು 30 ಟನ್. ಹುಬ್ಬಳ್ಳಿಗೆ ಯಾವುದು ಬೇಕಿತ್ತೆಂದು ನೀವೇ ಲೆಕ್ಕ ಹಾಕಿ. ಆದರೂ ಎಲ್ಲವನ್ನೂ ಮುಂದೆಯೇ ಕಟ್ಟಿದರೆ ಕೊಂಡಿ ತುಂಡಾದೀತು. ಹಾಗಾಗಿ ಒಂದಿಷ್ಟು ಎಂಜಿನ್ ಮುಂದೆ ಎಳೆಯುತ್ತವೆ, ಒಂದಿಷ್ಟು ಹಿಂದಿನಿಂದ ನೂಕುತ್ತವೆ. ಬಳ್ಳಾರಿ-ಹೊಸಪೇಟೆಯ ಅದಿರು ಇಳಿಯುವಾಗ ಕಷ್ಟ ಇನ್ನೊಂದು ತರಹದ್ದು. ಆಗ ಮೋಟಾರುಗಳೇ ಜನರೇಟರ್ ಆಗಿ, ಇಳಿಜಾರಿನ ವೇಗವನ್ನು ವಿದ್ಯುತ್ತಾಗಿಸಿ, ಬಿಸಿಗಾಳಿಯಾಗಿ ಹೊರಹಾಕುತ್ತವೆ.

ಕುಂದು ಇರಲಿಲ್ಲವೆಂದಲ್ಲ. ಮೊದಲ ಮಾದರಿಗೆ ಒಂದೇ ಕ್ಯಾಬ್. ಉದ್ದನೆಯ ಮೂತಿ ಮುಂದಾದರೆ ತಿರುವಿನಲ್ಲಿ ಸಿಗ್ನಲ್ ಕಾಣದೆ ಲೋಕೊಪೈಲಟ್ ಕತ್ತು ಹೊರಚಾಚಬೇಕಿತ್ತು. ಎರಡೂ ಕಡೆ ಕ್ಯಾಬ್ ಇರುವ, 4,500 ಅಶ್ವಶಕ್ತಿಯ ‘4ಡಿ’ ಬರಲು 2010ರ ದಶಕ ಬೇಕಾಯಿತು. ಓಡಿಸುವವನ ಕಣ್ಣಿಗೆ ಇಷ್ಟು ವರ್ಷ ಕಾಯಿಸಿದ್ದು ನನಗೆ ಸರಿಕಾಣುವುದಿಲ್ಲ.

ಈಗ ಮೀರಜ್ ಮಾರ್ಗದ ತಲೆಯ ಮೇಲೆ ತಂತಿ ಬಂದಿದೆ. 2024ರ ಸೆಪ್ಟೆಂಬರಿನಿಂದ ಹುಬ್ಬಳ್ಳಿ-ಪುಣೆ ನಡುವೆ ವಂದೇ ಭಾರತ್ ಓಡುತ್ತಿದೆ, ಹಬ್ಬಕ್ಕೆ ಊರಿಗೆ ಹೋಗುವ ನಮಗೆಲ್ಲ ಅದು ಸುಖವೇ. ವಾರಾಣಸಿ ಕಾರ್ಖಾನೆಯ ಹೆಸರಿನಿಂದಲೂ 2020ರಲ್ಲಿ ‘ಡೀಸೆಲ್’ ಹೋಯಿತು. ಒಂದೆರಡು ಆಲ್ಕೋಗಳನ್ನು ಅಲ್ಲಿ ವಿದ್ಯುತ್ ಎಂಜಿನ್ ಆಗಿ ಬದಲಿಸಿಯೂ ನೋಡಿದರು. ಆಲ್ಕೋಗಳ ಕಾಲ ಮುಗಿದದ್ದು ನ್ಯಾಯ. ಆದರೆ ರೈಲ್ವೆ ಲೆಕ್ಕದಲ್ಲಿ ಒಂದು ಎಂಜಿನ್ನಿನ ಆಯಸ್ಸು 36 ವರ್ಷ. ಹತ್ತು-ಹದಿನೈದು ವರ್ಷದ ಡಬ್ಲ್ಯುಡಿಜಿ-4ಗಳು ಇನ್ನೂ ಹರೆಯದವು. ಗುಡ್ಡ ಕುಸಿದು ತಂತಿ ಹರಿದ ರಾತ್ರಿ ಘಾಟಿಗೆ ಹೋಗಬಲ್ಲದ್ದು ಡೀಸೆಲ್ ಮಾತ್ರ. ಅಷ್ಟಾದರೂ ಹುಬ್ಬಳ್ಳಿಯಲ್ಲಿ ಉಳಿಯಲಿ. ಮೊದಲ ತಂಡದ ಒಂದು ಅಲ್ಲಿನ ರೈಲ್ವೆ ಮ್ಯೂಸಿಯಂನಲ್ಲಿ ನಿಲ್ಲಲಿ.

ಮೊನ್ನೆ ಘೋರ್ಪಡಿಯಲ್ಲಿ ಹಳೆಯ ಗುಂಯ್ ಸದ್ದು ಕೇಳಿಸಿತು. ತಂತಿಯ ಕೆಳಗೇ ಡೀಸೆಲ್ ಸುಡುತ್ತಾ, ಖಾಲಿ ವ್ಯಾಗನ್‌ಗಳನ್ನು ಎಳೆದುಕೊಂಡು ಒಂದು ಡಬ್ಲ್ಯುಡಿಜಿ-4 ಮೀರಜ್ ಕಡೆಗೆ ಹೊರಟಿತ್ತು. ಬಣ್ಣ ಮಾಸಿತ್ತು, ‘ಹುಬ್ಬಳ್ಳಿ’ ಮಾತ್ರ ಓದಲು ಬರುತ್ತಿತ್ತು.